ವಸಂತದ ಹೊಸ್ತಿಲಲ್ಲಿ ತೋಟದ ಓದು: ನಮ್ಮ ಸೀಮೆಯ ಹಿತ್ತಲಿಗೆ ಯಾವ ಪುಸ್ತಕ?

ಶಿವರಾತ್ರಿ ಕಳೆದು ಚಳಿ ‘ಶಿವ ಶಿವ’ ಎನ್ನುತ್ತ ಊರು ಬಿಟ್ಟ ಮೇಲೆ ಕಲಬುರಗಿಯ ನಮ್ಮ ಓಣಿಯಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ ಏಳುತ್ತದೆ. ಹಿತ್ತಲಲ್ಲಿ ಏನಾದರೂ ಮಾಡಬೇಕು, ಅದಕ್ಕೆ ಮೊದಲು ನಾಲ್ಕಕ್ಷರ ಓದಿಕೊಳ್ಳಬೇಕು, ಯಾವುದನ್ನು ಓದಲಿ ಎಂಬುದು ಆ ಪ್ರಶ್ನೆ. ಒಬ್ಬರು ಹೈದರಾಬಾದಿನಿಂದ ತಂದ ನುಣುಪು ಹಾಳೆಯ ಇಂಗ್ಲಿಷ್ ಪುಸ್ತಕ ಹಿಡಿದು ಬರುತ್ತಾರೆ. ಇನ್ನೊಬ್ಬರ ಕೈಯಲ್ಲಿ ಕೃಷಿ ಮೇಳದಲ್ಲಿ ಕೊಂಡ ತೆಳು ಕೈಪಿಡಿ ಇರುತ್ತದೆ. ಮೂರನೆಯವರು ಎರಡೂ ಬೇಡ, ರಾತ್ರಿ ಮಲಗುವಾಗ ಓದಲು ಗಿಡಮರಗಳ ಬಗ್ಗೆ ಒಳ್ಳೆಯ ಕನ್ನಡ ಬರಹ ಇದ್ದರೆ ಸಾಕು ಎನ್ನುತ್ತಾರೆ. ಮೂವರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲವಾದ್ದರಿಂದ, ನಾನು ಯಾವ ಲೆಕ್ಕದಲ್ಲಿ ತೂಗುತ್ತೇನೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ತೂಗುವ ಮೊದಲು ಒಂದು ಮಾತನ್ನು ಇತ್ಯರ್ಥ ಮಾಡಿಕೊಳ್ಳಬೇಕು. ತೋಟದ ಪುಸ್ತಕಗಳಲ್ಲಿ ಬರುವ ವಸಂತವೂ ನಮ್ಮ ವಸಂತವೂ ಒಂದೇ ಅಲ್ಲ. ಅಲ್ಲಿ ಹಿಮ ಕರಗಿ ಮಣ್ಣು ಬೆಚ್ಚಗಾಗುತ್ತದೆ, ಆದ್ದರಿಂದ ಮಾರ್ಚ್-ಏಪ್ರಿಲ್ ಎಂದರೆ ಗುದ್ದಲಿ ಹಿಡಿಯುವ ಕಾಲ. ಇಲ್ಲಿ ಚಿಂಚೋಳಿಯ ಕಾಡಿನಲ್ಲಿ ಮುತ್ತುಗ ಕೆಂಪಾಗಿ, ಬೇವು ಹೂ ಬಿಟ್ಟು, ಶರಣಬಸವೇಶ್ವರ ಜಾತ್ರೆಯ ತೇರು ಎಳೆಯುವ ಹೊತ್ತಿಗೆ ನಳದ ನೀರು ಸಣ್ಣಗಾಗಿ, ಎರೆಭೂಮಿಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಫೆಬ್ರುವರಿಯಲ್ಲಿ ಬೆಂಡೆ, ಚವಳಿ, ಹೀರೆ, ರಾಜಗಿರಿ ಹಾಕಿದವರು ಹಾಕಿದರು. ಯುಗಾದಿಯ ನಂತರ ಹೊಸದಾಗಿ ನೆಟ್ಟ ಎಳೆ ಸಸಿ ಉಳಿಯಬೇಕಾದರೆ ದಿನಕ್ಕೆ ಎರಡು ಹೊತ್ತು ನೀರು, ಮೇಲೊಂದು ನೆರಳು ಬೇಕು. ನಮ್ಮ ತೋಟದ ನಿಜವಾದ ಬಾಗಿಲು ತೆರೆಯುವುದು ಜೂನ್ ಮೊದಲ ವಾರ ಮುಗಿಯುವಾಗ, ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿದ ಮೇಲೆ. ಇಂಗ್ಲೆಂಡಿನವರು ಜನವರಿಯಲ್ಲಿ ನೆಲ ಹೆಪ್ಪುಗಟ್ಟಿದೆ ಎಂದು ಒಳಗೆ ಕೂತು ತೋಟದ ಪುಸ್ತಕ ಓದುತ್ತಾರೆ, ನಾವು ಏಪ್ರಿಲ್‌ನಲ್ಲಿ ನೆಲ ಸುಡುತ್ತಿದೆ ಎಂದು ಒಳಗೆ ಕೂತು ಓದಬೇಕು. ಈ ಸೀಮೆಯಲ್ಲಿ ವಸಂತವೆಂದರೆ ಓದುವ ಕಾಲ, ನೆಡುವ ಕಾಲವಲ್ಲ. ಓದಿದ್ದನ್ನು ಕೈಗಿಳಿಸಲು ಮುಂದೆ ಎರಡು-ಮೂರು ತಿಂಗಳು ಸಿಗುತ್ತವೆ ಎಂಬ ಲೆಕ್ಕದಲ್ಲಿಯೇ ಪುಸ್ತಕ ಆರಿಸಬೇಕು.

ಅಳತೆಗೋಲು

ನಾನು ಪುಸ್ತಕ ತೆರೆದ ಕೂಡಲೇ ನೋಡುವುದು ಅದನ್ನು ಯಾವ ಊರಿನಲ್ಲಿ ಕೂತು ಬರೆದಿದ್ದಾರೆ ಎಂಬುದನ್ನು, ಏಕೆಂದರೆ ತಿಂಗಳ ಪಟ್ಟಿ, ನೀರಿನ ಪ್ರಮಾಣ, ಬಿಸಿಲಿನ ಸಲಹೆ ಎಲ್ಲವೂ ಆ ಊರಿನ ಹವೆಯಿಂದ ಹುಟ್ಟಿದವು. ಎರಡನೆಯದು ಮಣ್ಣು. ಕಲಬುರಗಿ, ಯಾದಗಿರಿಯ ಬಹುಪಾಲು ಕರಿಎರೆ. ಬೀದರಿನ ಎತ್ತರದ ಬಯಲು ಜಂಬಿಟ್ಟಿಗೆಯ ಕೆಮ್ಮಣ್ಣು. ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿಯಲ್ಲಿ ಮಣ್ಣಿನ ಗುಣ ಪೂರ್ತಿ ತಿರುಗಿಬಿಡುತ್ತದೆ, ಎತ್ತರವೂ ಸುಮಾರು 1,500 ಅಡಿಯಿಂದ 2,200 ಅಡಿಗೆ ಏರುತ್ತದೆ. ಮೂರನೆಯದಾಗಿ, ಮಾಡಲು ಓದುತ್ತಿದ್ದೀರೋ ಅಥವಾ ಮನಸ್ಸಿಗಾಗಿ ಓದುತ್ತಿದ್ದೀರೋ ಎಂಬುದನ್ನು ನಿಮ್ಮನ್ನೇ ಕೇಳಿಕೊಳ್ಳಬೇಕು. ಒಂದರಲ್ಲಿ ಇನ್ನೊಂದನ್ನು ಹುಡುಕಿದವರೇ ಹೆಚ್ಚಾಗಿ ಬೇಸತ್ತು ಪುಸ್ತಕ ಮುಚ್ಚುತ್ತಾರೆ. ಬೆಲೆ, ಸಿಗುವ ಜಾಗ, ಭಾಷೆ ಇವು ಕೊನೆಗೆ ಬರುತ್ತವೆ. ಆದರೆ ಕಡಿಮೆ ಬೆಲೆಯೆಂದು ಕೊಂಡ ತಪ್ಪು ಪುಸ್ತಕ ಸತ್ತ ಗಿಡಗಳ ಬೆಲೆಯನ್ನೂ ಸೇರಿಸಿಕೊಂಡು ದುಬಾರಿಯಾಗುತ್ತದೆ.

ಬಣ್ಣದ ಇಂಗ್ಲಿಷ್ ಪುಸ್ತಕಗಳು

ಬ್ರಿಟನ್, ಅಮೆರಿಕದಲ್ಲಿ ಅಚ್ಚಾದ ತೋಟದ ಪುಸ್ತಕಗಳಷ್ಟು ಕಣ್ಣಿಗೆ ಹಬ್ಬವಾಗುವ ಪುಸ್ತಕಗಳು ಬೇರಿಲ್ಲ. ಕೊಂಬೆ ಎಲ್ಲಿ, ಯಾವ ಕೋನದಲ್ಲಿ ಕತ್ತರಿಸಬೇಕು, ಕಸಿ ಹೇಗೆ ಕಟ್ಟಬೇಕು, ಎತ್ತರದ ಗಿಡದ ಮುಂದೆ ಗಿಡ್ಡ ಗಿಡ ಇಟ್ಟು ಮಡಿಯನ್ನು ಹೇಗೆ ಜೋಡಿಸಬೇಕು ಎಂಬ ಚಿತ್ರಗಳನ್ನು ಅವರು ಬಿಡಿಸಿದಷ್ಟು ಚೆನ್ನಾಗಿ ನಮ್ಮಲ್ಲಿ ಯಾರೂ ಬಿಡಿಸಿಲ್ಲ. ಈ ಮಟ್ಟಿಗೆ ಅವು ಎಲ್ಲ ಊರಿಗೂ ಸಲ್ಲುತ್ತವೆ. ತೊಂದರೆ ಇರುವುದು ಉಳಿದ ಪುಟಗಳಲ್ಲಿ.

ನನ್ನದೇ ಕತೆ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ಅಂಥ ಒಂದು ಪುಸ್ತಕದಲ್ಲಿ ವಸಂತದ ಆರಂಭಕ್ಕೆ ಮಡಿಗಳಿಗೆ ಸುಣ್ಣ ಎರಚಿದರೆ ಮಣ್ಣಿನ ಹುಳಿ ಇಳಿದು ಗಿಡ ಚಿಗುರುತ್ತದೆ ಎಂದು ಓದಿ, ನಂಬಿ, ಆರು ಗುಲಾಬಿ ಗಿಡಗಳ ಬುಡಕ್ಕೆ ತಲಾ ಎರಡು ಹಿಡಿ ಸುಣ್ಣ ಹಾಕಿದೆ. ಮೂರು ವಾರದಲ್ಲಿ ಎಳೆ ಎಲೆಗಳೆಲ್ಲ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದು, ಪ್ರತಿ ಎಲೆಯೂ ಹಸಿರು ದಾರದಿಂದ ಹೊಲಿದ ಹಳದಿ ಬಟ್ಟೆಯ ತುಂಡಿನಂತೆ ಕಂಡಿತು. ಗಿಡಗಳ ಬಗ್ಗೆ ತಿಳಿದ ಪರಿಚಿತರೊಬ್ಬರು ಬಂದು ಏನೂ ಮಾತಾಡದೆ ಅಡುಗೆಮನೆಯಿಂದ ವಿನೆಗರ್ ತರಿಸಿ, ಸುಣ್ಣ ಬೀಳದಿದ್ದ ಮೂಲೆಯ ಒಂದು ಹಿಡಿ ಒಣ ಎರೆಯ ಮೇಲೆ ಒಂದು ಚಮಚ ಸುರಿದರು. ಮಣ್ಣು ಸುಯ್ ಎಂದು ನೊರೆಯೆದ್ದಿತು. ಶಹಾಬಾದಿನ ಹಾಸುಗಲ್ಲು, ವಾಡಿ-ಸೇಡಂನ ಸಿಮೆಂಟು ಎಲ್ಲವೂ ನಮ್ಮ ಕಾಲ ಕೆಳಗಿನ ಸುಣ್ಣದಕಲ್ಲಿನಿಂದಲೇ ಬಂದವು, ಆ ಕಲ್ಲಿನ ಮೇಲೆ ಕೂತವನು ಮಣ್ಣಿಗೆ ಮತ್ತೆ ಸುಣ್ಣ ಕೊಟ್ಟಿದ್ದ. ಇಂಥ ಕ್ಷಾರದ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ನಾನು ಹಾಕಿದ ಸುಣ್ಣ ಸಿಗುತ್ತಿದ್ದ ಅಷ್ಟಿಷ್ಟನ್ನೂ ಕಟ್ಟಿಹಾಕಿತ್ತು. ಪುಸ್ತಕದ ಮಾತು ಸುಳ್ಳಲ್ಲ, ಮಳೆಯಲ್ಲಿ ತೊಳೆದು ಹುಳಿಯಾದ ಅಲ್ಲಿನ ಮಣ್ಣಿಗೆ ಅದು ಸರಿ. ಬೀದರಿನ ಜಂಬಿಟ್ಟಿಗೆಯಲ್ಲಿ ಅಷ್ಟು ಕೇಡು ಮಾಡುತ್ತಲೂ ಇರಲಿಲ್ಲವೇನೋ. ನಮ್ಮ ಎರೆಗೆ ಮಾತ್ರ ಅದು ತಲೆಕೆಳಗಾದ ಮದ್ದು.

ಅಳತೆಗಳಲ್ಲೂ ಇಂಥ ಗುಂಡಿಗಳಿವೆ. ವಾರಕ್ಕೆ ಒಂದು ಇಂಚು ನೀರು ಸಾಕು ಎಂಬುದು ಅವರ ನಿತ್ಯದ ಸೂತ್ರ. ಅಂದರೆ ಒಂದು ಚದರ ಮೀಟರಿಗೆ ಸುಮಾರು 25 ಲೀಟರ್, ಮೇ ತಿಂಗಳ ಯಾದಗಿರಿಯಲ್ಲಿ ಅದು ವಾರಕ್ಕೆ ಎಲ್ಲಿಯೂ ಸಾಲದು. ಗ್ಯಾಲನ್ ಎಂದಿದ್ದರೆ ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್. ಔಷಧಿ ಕಲಸುವಾಗ ಈ ವ್ಯತ್ಯಾಸ ಸಣ್ಣದಲ್ಲ. ಅಮೆರಿಕದ ಪುಸ್ತಕಗಳಲ್ಲಿ ಗಿಡದ ಹೆಸರಿನ ಮುಂದೆ ಬರುವ ವಲಯದ ಸಂಖ್ಯೆ ಆ ಗಿಡ ಎಷ್ಟು ಚಳಿ ತಡೆಯುತ್ತದೆ ಎಂಬುದನ್ನು ಮಾತ್ರ ಹೇಳುತ್ತದೆ, ಎಷ್ಟು ಬಿಸಿಲು ತಡೆಯುತ್ತದೆ ಎಂಬುದನ್ನಲ್ಲ. ನಮ್ಮ ಗಿಡಗಳು ಸಾಯುವುದು ಬಿಸಿಲಿಗೆ. ‘ಪೂರ್ತಿ ಬಿಸಿಲಿನಲ್ಲಿಡಿ’ ಎಂದು ಬರೆದದ್ದನ್ನು ಇಲ್ಲಿ ‘ಬೆಳಗಿನ ಬಿಸಿಲಿನಲ್ಲಿಡಿ, ಮಧ್ಯಾಹ್ನ ನೆರಳು ಕೊಡಿ’ ಎಂದು ಓದಿಕೊಳ್ಳಬೇಕು.

ಸಾವಿರ ರೂಪಾಯಿಯ ಆಚೆಗಿನ ಇಂಥ ಪುಸ್ತಕವನ್ನು ಮೊದಲನೆಯದಾಗಿ ಕೊಳ್ಳಬೇಡಿ. ಕೊಂಡೇ ತೀರುವುದಾದರೆ ಲಂಡನ್ನಿನ ಬದಲು ಅರಿಜೋನಾದಂಥ ಒಣ ಸೀಮೆಯವರು ಅಥವಾ ಆಸ್ಟ್ರೇಲಿಯಾದ ಒಳನಾಡಿನವರು ಬರೆದದ್ದನ್ನು ಹುಡುಕಿ. ಆಸ್ಟ್ರೇಲಿಯಾದ ತಿಂಗಳುಗಳು ತಿರುವುಮುರುವು ಎಂಬುದೊಂದನ್ನು ನೆನಪಿಟ್ಟರೆ, ನೀರು ಉಳಿಸುವ ಅವರ ಬುದ್ಧಿ ನಮ್ಮದಕ್ಕೆ ಹತ್ತಿರ.

ಭಾರತದಲ್ಲಿ ಬರೆದ ಇಂಗ್ಲಿಷ್ ಪುಸ್ತಕಗಳದು ನಡುವಿನ ದಾರಿ. ಬಂಗಾಳದಲ್ಲಿದ್ದ ಪಾದ್ರಿ ಫರ್ಮಿಂಜರ್ 1860ರ ದಶಕದಲ್ಲಿ ಬರೆದ ಕೈಪಿಡಿ ಹಲವು ಮರುಮುದ್ರಣ ಕಂಡಿತು. ಅದರ ಹವೆ ಕಲ್ಕತ್ತೆಯ ತೇವದ ಹವೆಯಾದ್ದರಿಂದ ಅದನ್ನು ಚರಿತ್ರೆಯಾಗಿ ಓದುವುದೇ ಲೇಸು. ಗುಲಾಬಿಯ ಹುಚ್ಚಿರುವವರಿಗೆ ಬಿ.ಪಿ. ಪಾಲ್ ಅವರ 1966ರ ಪುಸ್ತಕ ಹೇಳುತ್ತೇನೆ. ಗೋಧಿಯ ವಿಜ್ಞಾನಿಯಾಗಿ ಹೆಸರಾದ ಅವರು ತಾವೇ ಗುಲಾಬಿ ತಳಿಗಳನ್ನು ಸೃಷ್ಟಿಸಿದವರು. ದಿಲ್ಲಿಯ ಚಳಿಗೆ ಹೇಳಿದ್ದನ್ನು ಇಲ್ಲಿಗೆ ಒಂದಿಷ್ಟು ಸಡಿಲಿಸಿಕೊಂಡರೆ ಸಾಕು.

ಕನ್ನಡದ ಕೈಪಿಡಿಗಳು

ಮಾಡುವ ಉದ್ದೇಶದಿಂದ ಓದುವವರಿಗೆ ನನ್ನ ಮೊದಲ ಆಯ್ಕೆ ಇವೇ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ, ಅವುಗಳ ಕಾಲೇಜುಗಳು ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಹೊರತರುವ ಪುಸ್ತಿಕೆಗಳ ಮುಖಪುಟ ಸಪ್ಪೆ, ಕಾಗದ ಒರಟು, ಭಾಷೆ ಇಲಾಖೆಯ ಸುತ್ತೋಲೆಯಂತೆ. ಆದರೆ ಒಳಗಿರುವ ಅಂಕಿಗಳು ನಮ್ಮ ನೆಲದವು. ರಾಜ್ಯವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ಹಂಚಿದ್ದಾರೆ. ಬೀದರ್ ಜಿಲ್ಲೆಯೂ ಆಳಂದ-ಚಿಂಚೋಳಿ ಭಾಗವೂ ಒಂದನೆಯದಾದ ಈಶಾನ್ಯ ಪರಿವರ್ತನಾ ವಲಯದಲ್ಲಿವೆ, ಕಲಬುರಗಿಯ ಉಳಿದ ಭಾಗವೂ ಯಾದಗಿರಿಯ ಬಹುಭಾಗವೂ ಎರಡನೆಯದಾದ ಈಶಾನ್ಯ ಒಣ ವಲಯದಲ್ಲಿವೆ. ಕೈಪಿಡಿ ತೆರೆದಾಗ ತಳಿಯ ಹೆಸರಿನ ಎದುರು ಯಾವ ವಲಯ ಎಂದು ನೋಡಿಕೊಂಡರೆ ಅರ್ಧ ತಪ್ಪುಗಳು ಅಲ್ಲಿಯೇ ತಪ್ಪುತ್ತವೆ.

ಇವುಗಳ ದೊಡ್ಡ ಕೊರತೆಯೆಂದರೆ ಹೊಲದ ರೈತನನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿರುವುದು. ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂದು ಓದಿದ ಕೂಡಲೇ ಹಿತ್ತಲಿನವರು ಪುಸ್ತಕ ಕೆಳಗಿಡುತ್ತಾರೆ. ಇಡಬೇಕಾಗಿಲ್ಲ, ಲೆಕ್ಕ ಸುಲಭ. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್, ಆದ್ದರಿಂದ 25 ಟನ್ ಎಂದರೆ ಚದರ ಮೀಟರಿಗೆ ಎರಡೂವರೆ ಕಿಲೋ. ಹತ್ತು ಅಡಿಗೆ ಹತ್ತು ಅಡಿಯ ಮಡಿ 9.3 ಚದರ ಮೀಟರ್ ಆಗುತ್ತದೆ, ಅದಕ್ಕೆ 23 ಕಿಲೋ, ಅಂದರೆ ಸುಮಾರು ಒಂದು ಚೀಲ. ಈ ಒಂದು ಭಾಗಾಕಾರವನ್ನು ಪುಸ್ತಕದ ಹಿಂಬದಿಯ ರಟ್ಟಿನ ಮೇಲೆ ಬರೆದಿಟ್ಟುಕೊಂಡರೆ ಇಡೀ ಕೈಪಿಡಿ ಹಿತ್ತಲಿಗೆ ಇಳಿಯುತ್ತದೆ. ಮಾಳಿಗೆಯ ಕುಂಡಗಳಿಗೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ, ಕುಂಡದ ಮಣ್ಣಿನ ಬದುಕೇ ಬೇರೆ. ಕೈತೋಟ ಅಥವಾ ತಾರಸಿ ತೋಟ ಎಂಬ ಹೆಸರಿನ ಪ್ರತ್ಯೇಕ ಪುಸ್ತಿಕೆಯನ್ನೇ ಕೇಳಿ ಪಡೆಯಬೇಕು.

ಇನ್ನೊಂದು ಎಚ್ಚರವನ್ನು ಒತ್ತಿ ಹೇಳುತ್ತೇನೆ: ಅಚ್ಚಾದ ವರ್ಷ ನೋಡದೆ ಕೈಪಿಡಿ ಕೊಳ್ಳಬಾರದು. ಹಳೆಯ ಆವೃತ್ತಿಗಳಲ್ಲಿ ಕಾಯಿಕೊರಕಕ್ಕೆ ಎಂಡೋಸಲ್ಫಾನ್ ಸಿಂಪಡಿಸಿ ಎಂಬ ಸಾಲು ಸಾಮಾನ್ಯವಾಗಿತ್ತು. ಅದನ್ನು ಸುಪ್ರೀಂ ಕೋರ್ಟ್ ನಿಷೇಧಿಸಿದ್ದು 2011ರಲ್ಲಿ. ಮನೆಯ ಹಿರಿಯರು ಟ್ರಂಕಿನಲ್ಲಿ ಜೋಪಾನ ಮಾಡಿದ ಪುಸ್ತಿಕೆಯಿಂದ ಸಾಲಿನ ಅಂತರ, ಬೀಜದ ಪ್ರಮಾಣ, ಗೊಬ್ಬರದ ಲೆಕ್ಕ ತೆಗೆದುಕೊಳ್ಳಬಹುದು, ಔಷಧಿಯ ಪುಟವನ್ನು ಹರಿದು ಹಾಕಿದರೂ ನಷ್ಟವಿಲ್ಲ.

ಪತ್ರಿಕೆಗಳು

ಕೃಷಿ ಮಾಸಿಕಗಳ ಬಲ ಇರುವುದು ಮಾಡಿದವರ ಮಾತಿನಲ್ಲಿ. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಅಡಿಕೆ ಪತ್ರಿಕೆ ಕೃಷಿಕರೇ ಬರೆಯಬೇಕು ಎಂಬ ಹಟದಿಂದ ಕನ್ನಡದ ಕೃಷಿ ಬರವಣಿಗೆಯ ದಿಕ್ಕನ್ನೇ ಬದಲಿಸಿತು. ಸೋತದ್ದನ್ನೂ ಬರೆಯುವ ಪ್ರಾಮಾಣಿಕತೆ ವಿಶ್ವವಿದ್ಯಾಲಯದ ಪುಸ್ತಿಕೆಯಲ್ಲಿ ಸಿಗುವುದಿಲ್ಲ. ಆದರೆ ಕರಾವಳಿ-ಮಲೆನಾಡಿನವರು ಬರೆದಾಗ ಹಿನ್ನೆಲೆಯಲ್ಲಿ ನಮ್ಮ ಮಳೆಯ ಹಲವು ಪಟ್ಟು ಮಳೆ ಸುರಿಯುತ್ತಿರುತ್ತದೆ, ಅಡಿಕೆ, ಕೋಕೊ, ಕಾಳುಮೆಣಸಿನ ನೆರಳಿರುತ್ತದೆ. ಅವರಿಂದ ಮಳೆಕೊಯ್ಲು, ಮುಚ್ಚಿಗೆ (ಗಿಡದ ಬುಡದ ಮಣ್ಣಿಗೆ ಹೊದಿಸುವ ಹೊದಿಕೆ), ಮೌಲ್ಯವರ್ಧನೆಯ ಯೋಚನೆಗಳನ್ನು ತೆಗೆದುಕೊಂಡು ಗಿಡಗಳ ಪಟ್ಟಿಯನ್ನು ಅಲ್ಲಿಯೇ ಬಿಡುವುದು ಜಾಣತನ. ಮುಚ್ಚಿಗೆಗೆ ಅವರು ಅಡಿಕೆ ಸೋಗೆ ಎಂದರೆ ನಾವು ತೊಗರಿ ಹೊಟ್ಟು ಎಂದು ಓದಿಕೊಳ್ಳಬೇಕು. ನೆರಳಿನ ಚಪ್ಪರಕ್ಕೆ ತೊಗರಿ ಕಟ್ಟಿಗೆಗಿಂತ ಅಗ್ಗದ್ದು ನಮ್ಮಲ್ಲಿ ಬೇರೇನಿದೆ? ಒಂದು ವರ್ಷದ ಚಂದಾ ಕಟ್ಟಿ ಹನ್ನೆರಡು ಸಂಚಿಕೆ ಓದುವುದು ಒಂದು ಬಣ್ಣದ ಪುಸ್ತಕಕ್ಕಿಂತ ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ, ಆದರೆ ಬೇಕಾದಾಗ ಬೇಕಾದ ವಿಷಯ ಹುಡುಕಿ ತೆಗೆಯಲು ಪತ್ರಿಕೆ ಒದಗುವುದಿಲ್ಲ.

ಮನಸ್ಸಿಗಾಗಿ ಓದುವವರಿಗೆ

ಇಲ್ಲಿ ನನಗೆ ಪಕ್ಷಪಾತವಿದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ಬಿ.ಜಿ.ಎಲ್. ಸ್ವಾಮಿಯವರನ್ನು ಓದದೆ ಕನ್ನಡದಲ್ಲಿ ಗಿಡಗಳ ಬಗ್ಗೆ ಓದಿದೆ ಎನ್ನಲಾಗದು. ಸಸ್ಯವಿಜ್ಞಾನದ ಮೇಷ್ಟ್ರಾಗಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದ ಅನುಭವಗಳ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದರಲ್ಲಿನ ಕಾಡು ಪಶ್ಚಿಮ ಘಟ್ಟದ್ದು, ನಮ್ಮ ಹಿತ್ತಲಿಗೆ ಅಲ್ಲಿನ ಒಂದು ಗಿಡವೂ ಬರಲಾರದು. ಆದರೂ ಎಲೆಯ ಅಂಚು, ಹೂವಿನ ಒಳಗು, ಕಾಯಿ ಬಿರಿಯುವ ಬಗೆಯನ್ನು ನೋಡುವ ಕಣ್ಣು ಅದರಿಂದ ಬರುತ್ತದೆ, ಆ ಕಣ್ಣಿದ್ದವರಿಗೆ ಎಲೆಯಡಿಯ ಹೇನು ಒಂದು ವಾರ ಮುಂಚೆ ಕಾಣುತ್ತದೆ. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಇನ್ನೂ ಹತ್ತಿರದ್ದು. ನಮ್ಮ ಅಡುಗೆಮನೆಯ ಎಷ್ಟೊಂದು ಕಾಯಿಪಲ್ಯಗಳು ಕಡಲಾಚೆಯಿಂದ ಬಂದವು ಎಂಬುದನ್ನು ನಗಿಸುತ್ತ ಹೇಳುವ ಪುಸ್ತಕ. ಮೆಣಸಿನಕಾಯಿಯಿಲ್ಲದ ಶೇಂಗಾ ಹಿಂಡಿಯನ್ನು ಊಹಿಸಿಕೊಂಡು ನಾನೊಮ್ಮೆ ನಿಜಕ್ಕೂ ಗಾಬರಿಯಾದೆ. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋದಾಗ ಬಾಗಿಲ ನೆರಳಲ್ಲಿ ಕೂತು ಓದಲು ಇವೆರಡಕ್ಕಿಂತ ಒಳ್ಳೆಯ ಸಂಗಾತಿಗಳು ನನಗೆ ತಿಳಿದಿಲ್ಲ, ಗ್ರಂಥಾಲಯದಲ್ಲಿ ಸಿಕ್ಕರೆ ಖರ್ಚೂ ಇಲ್ಲ.

ಹಳೆಯದರ ಕಡೆಗೆ ಒಲವಿರುವವರಿಗೆ ನಮ್ಮ ಸೀಮೆಯಷ್ಟು ಶ್ರೀಮಂತ ಸೀಮೆ ಕಡಿಮೆ. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಕಂಡುಹಿಡಿಯುವ ವಿದ್ಯೆಯೂ ಗಿಡಮರಗಳ ಆರೈಕೆಯ ವಿದ್ಯೆಯಾದ ವೃಕ್ಷಾಯುರ್ವೇದವೂ ಕನ್ನಡದಲ್ಲಿಯೇ ಇವೆ. ಒಂದು ಶತಮಾನದ ನಂತರ, ಇಂದಿನ ಬಸವಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಸನ ಉದ್ಯಾನ ವಿನೋದಗಳನ್ನೂ ಸೇರಿಸಿದ. ಇವನ್ನು ಓದಿ ಬೆರಗಾಗಬಹುದು, ಗಿಡಕ್ಕೆ ಪ್ರಯೋಗಿಸುವ ಮೊದಲು ಎರಡು ಸಲ ಯೋಚಿಸಬೇಕು. ಸುರಪಾಲನ ವೃಕ್ಷಾಯುರ್ವೇದದ ಕುಣಪಜಲವೆಂಬ ದ್ರವಗೊಬ್ಬರವನ್ನು ಪ್ರಾಣಿಗಳ ಮಾಂಸ-ಮಜ್ಜೆ ಬೇಯಿಸಿ ಕೊಳೆಸಿ ಮಾಡಬೇಕು. ಗೋಡೆಗೆ ಗೋಡೆ ತಾಗಿದ ಬಡಾವಣೆಯಲ್ಲಿ ಅದನ್ನು ಮಾಡಿದರೆ ಗಿಡ ಬೆಳೆಯುವ ಮೊದಲೇ ನೆರೆಹೊರೆಯ ಸಂಬಂಧ ಒಣಗೀತು. ಬೀದರಿನವರಿಗೆ ಇನ್ನೊಂದು ಸೌಲಭ್ಯವಿದೆ: ಗುಲಾಮ್ ಯಜ್ದಾನಿ 1947ರಲ್ಲಿ ಹೊರತಂದ ಬೀದರ್ ಸ್ಮಾರಕಗಳ ಇಂಗ್ಲಿಷ್ ಗ್ರಂಥವನ್ನು ಓದಿ ಒಂದು ಬೆಳಗ್ಗೆ ಕೋಟೆಯೊಳಗಿನ ಲಾಲ್ ಬಾಗ್‌ಗೂ ನೌಬಾದಿನ ಸುರಂಗ ಬಾವಿಗೂ ಹೋಗಿಬಂದರೆ, ನೀರಿಲ್ಲದ ಎತ್ತರದಲ್ಲಿ ಉದ್ಯಾನ ಕಟ್ಟುವವರು ಮೊದಲು ಎತ್ತ ನೋಡಿದರು ಎಂಬುದು ಕಾಲಿಗೇ ತಿಳಿಯುತ್ತದೆ.

ಬೀಜದ ಪಾಕೀಟಿನ ಬೆನ್ನನ್ನೂ ನಾನು ಓದಿನಲ್ಲಿ ಸೇರಿಸುತ್ತೇನೆ. ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ ಅಲ್ಲಿರುತ್ತವೆ, ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳು ಅದರ ಅವಧಿ. ಗೋಡೆಯ ಪಂಚಾಂಗದಲ್ಲಿ ಮಳೆ ನಕ್ಷತ್ರಗಳನ್ನು ನೋಡಿದರೆ ಸಾಕು. ರೋಹಿಣಿ ಸುರಿದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹೊಲದವರಿಗೆ, ಹಿತ್ತಲಿನವರು ಮಿರಗದವರೆಗೆ ಕಾಯುವುದೇ ಕ್ಷೇಮ.

ಯಾರಿಗೆ ಯಾವುದು

ಬಾಡಿಗೆ ಮನೆಯ ಮಾಳಿಗೆಯಲ್ಲಿ ಹತ್ತು ಕುಂಡ ಇಟ್ಟವರು ಇನ್ನೂರು ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬೇಕಾಗಿಲ್ಲ. ಒಂದು ತಾರಸಿ ತೋಟದ ಪುಸ್ತಿಕೆ ಕೊಂಡು, ಉಳಿದದ್ದನ್ನು ಗ್ರಂಥಾಲಯದಿಂದ ತಂದು ಓದಿದರೆ ಆಯಿತು. ಸ್ವಂತ ಹಿತ್ತಲಿದ್ದು ಪುಂಡಿ, ರಾಜಗಿರಿ, ಬದನೆ, ಒಂದೆರಡು ನಿಂಬೆ-ನುಗ್ಗೆ ಬೆಳೆಯಬೇಕೆನ್ನುವವರು ತಮ್ಮ ವಲಯದ ತರಕಾರಿ-ಹಣ್ಣಿನ ಕೈಪಿಡಿಯನ್ನೂ ಒಂದು ವರ್ಷದ ಪತ್ರಿಕೆಯನ್ನೂ ಜೊತೆಗಿಟ್ಟುಕೊಳ್ಳಲಿ, ಒಂದರಲ್ಲಿ ಅಂಕಿ, ಇನ್ನೊಂದರಲ್ಲಿ ಅನುಭವ ಸಿಗುತ್ತದೆ. ಹೊಸ ಮನೆ ಕಟ್ಟಿ ಅಂಗಳ ಚೆಂದ ಮಾಡಬೇಕೆಂದವರಿಗೆ ಮಾತ್ರ ಬಣ್ಣದ ಇಂಗ್ಲಿಷ್ ಪುಸ್ತಕದ ಹಣ ಸಾರ್ಥಕ. ಅವರು ಚಿತ್ರ ನೋಡಿ ಜೋಡಣೆ ಕಲಿಯಲಿ, ಗಿಡದ ಹೆಸರುಗಳನ್ನು ಊರಿನ ನರ್ಸರಿಯಲ್ಲಿ ಕೇಳಲಿ. ನಿವೃತ್ತರಾಗಿ ಸಮಯವಿದ್ದು, ಮಂಡಿ ನೋವಿನಿಂದ ಗುದ್ದಲಿ ಹಿಡಿಯಲಾಗದವರಿಗೆ ನಾನು ಸಂಕೋಚವಿಲ್ಲದೆ ಸ್ವಾಮಿಯವರನ್ನೇ ಕೊಡುತ್ತೇನೆ. ನಾರಾಯಣಪುರ ಕಾಲುವೆಯ ನೀರು ಬರುವ ಸುರಪುರ, ಶಹಾಪುರ ಕಡೆಯವರಿಗೆ ಬೇರೊಂದು ಮಾತಿದೆ: ನಿಮಗೆ ನೀರಿನ ಕೊರತೆಗಿಂತ ಸವಳು-ಜವಳಿನ, ಅಂದರೆ ಮಣ್ಣಿನಲ್ಲಿ ಉಪ್ಪೇರಿ ನೀರು ನಿಲ್ಲುವ ಭಯ ಹೆಚ್ಚು, ಆದ್ದರಿಂದ ಬಸಿಗಾಲುವೆಯ ಅಧ್ಯಾಯ ಇಲ್ಲದ ಕೈಪಿಡಿಯನ್ನು ಕೊಳ್ಳಬೇಡಿ.

ಯಾವುದನ್ನು ಆರಿಸಿದರೂ ಅದರ ಜೊತೆ ಓದಲೇಬೇಕಾದ ಒಂದು ಹಾಳೆಯಿದೆ, ಅದು ನಿಮ್ಮ ಮಣ್ಣಿನ ಪರೀಕ್ಷೆಯ ವರದಿ. ಹಿತ್ತಲಿನ ನಾಲ್ಕೈದು ಕಡೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಸುಮಾರು 15 ಸೆಂಟಿಮೀಟರ್ ಆಳ ತೋಡಿ, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಸಮನಾಗಿ ಮಣ್ಣು ಕೆರೆದು, ಎಲ್ಲವನ್ನೂ ಬೆರೆಸಿ, ನೆರಳಿನಲ್ಲಿ ಆರಿಸಿ ಅರ್ಧ ಕಿಲೋ ಕಟ್ಟಿಕೊಂಡು ಹೋಗಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೊಡಿ. ಬರುವ ವರದಿಯಲ್ಲಿ ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, ಪಿಎಚ್), ಲವಣಾಂಶ, ಸಾವಯವ ಇಂಗಾಲ ಎಂಬ ಮೂರು ಸಾಲುಗಳಿರುತ್ತವೆ. ರಸಸಾರ 8ರ ಆಚೆಗಿದ್ದರೆ, ಕೈಯಲ್ಲಿರುವ ಪುಸ್ತಕ ಯಾರದೇ ಆಗಿರಲಿ, ಸುಣ್ಣದ ಅಧ್ಯಾಯವನ್ನು ಹಾಗೆಯೇ ದಾಟಿಬಿಡಿ. ಮೇ ತಿಂಗಳ ಕೊನೆಗೆ ಬಿತ್ತನೆಯ ಗಡಿಬಿಡಿಯಲ್ಲಿ ರೈತರ ಸಾಲು ಉದ್ದವಾಗುತ್ತದೆ. ಯುಗಾದಿಯ ಹೋಳಿಗೆ ಮುಗಿದ ವಾರವೇ ಮಣ್ಣು ಕಟ್ಟಿಕೊಂಡು ಹೋಗುವುದು ಒಳ್ಳೆಯದು.